ಬ್ಯಾಂಡ್ ಬಿಡಬೇಡಿ, ಊದುವ ರೀತಿ ಬಿಡಿ

ಪ್ರಶ್ನೆ: ನನಗೆ 22 ವರ್ಷ, ಊರು ಕಾರವಾರದ ಹತ್ತಿರ ಸದಾಶಿವಗಡ. ಐಟಿಐ ಮುಗಿದಿದೆ. ಆರು ವರ್ಷದಿಂದ ಬ್ರಾಸ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದೇನೆ. ಮದುವೆ, ಚರ್ಚಿನ ಫೆಸ್ತ್, ಗಣಪತಿ ವಿಸರ್ಜನೆ ಎಲ್ಲಕ್ಕೂ ಹೋಗುತ್ತೇವೆ. ಕಿವಿಯಿಂದ ಕೇಳಿ ಊದುವುದೇ ರೂಢಿ, ನೊಟೇಶನ್ ಅಷ್ಟಕ್ಕಷ್ಟೆ. ಜಾಝ್ ಟ್ರಂಪೆಟ್ ವಾದಕನಾಗಬೇಕೆಂಬ ಆಸೆ. ಇಲ್ಲೇ ಇದ್ದುಕೊಂಡು ಆಗುತ್ತದೆಯೇ? ಬ್ಯಾಂಡ್ ಬಿಡಬೇಕೇ? ನನ್ನದು ಮೀರತ್ತಿನ ಟ್ರಂಪೆಟ್, ಬದಲಿಸಬೇಕೇ? ಇನ್ನೊಂದು, ಎರಡು ತಾಸು ಮೆರವಣಿಗೆಯಾದರೆ ಮೇಲ್ತುಟಿ ಬಾತುಕೊಂಡು ಮರುದಿನ ಸ್ವರವೇ ಹೊರಡುವುದಿಲ್ಲ. ಇದಕ್ಕೇನು ಮಾಡಬೇಕು?

ಉತ್ತರ: ಕೊನೆಯಲ್ಲಿ ಕೇಳಿದ್ದನ್ನೇ ಮೊದಲು ನೋಡೋಣ. ತುಟಿ ಸರಿಯಿಲ್ಲದಿದ್ದರೆ ಉಳಿದ ಮೂರು ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಕ್ಲಾರಿಯೊನೆಟ್ಟಿನವರ ರೀಡ್, ಅಂದರೆ ಕಂಪಿಸಿ ಸ್ವರ ಹುಟ್ಟಿಸುವ ತೆಳು ಪಟ್ಟಿ, ಒಡೆದರೆ ಅಂಗಡಿಯಿಂದ ಇನ್ನೊಂದು ತರುತ್ತಾರೆ. ಟ್ರಂಪೆಟ್ಟಿನಲ್ಲಿ ತುಟಿಯೇ ರೀಡ್.

ಮೆರವಣಿಗೆಯಲ್ಲಿ ಆಗುವುದು ಇಷ್ಟು. ಹಿಂದೆ ಡಿಜೆ ಬಾಕ್ಸು, ಪಕ್ಕದಲ್ಲಿ ತಾಶೆ, ನಿಮ್ಮ ಸ್ವರ ನಿಮಗೇ ಕೇಳುವುದಿಲ್ಲ. ಕೇಳದಿದ್ದಾಗ ಹೊಟ್ಟೆಯಿಂದ ಬರಬೇಕಾದ ಗಾಳಿಯ ಕೆಲಸವನ್ನು ಕೈ ಮಾಡಲು ಹೋಗುತ್ತದೆ. ಬಲಗೈ ಕಿರುಬೆರಳು ಕೊಕ್ಕೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಮೇಲಿನ ಸ್ವರ ಬಂದಾಗಲೆಲ್ಲ ಅದು ವಾದ್ಯವನ್ನು ತುಟಿಯತ್ತ ಜಗ್ಗುತ್ತದೆ. ಮೌತ್‌ಪೀಸಿನ ಅಂಚು ಮೇಲ್ತುಟಿಯನ್ನು ಹಲ್ಲಿಗೆ ಒತ್ತಿ ರಕ್ತ ಓಡದ ಹಾಗೆ ಮಾಡುತ್ತದೆ. ನಡೆಯುತ್ತ ಊದುವುದರಿಂದ ಪ್ರತಿ ಹೆಜ್ಜೆಗೂ ಒಂದು ಪೆಟ್ಟು ಬೇರೆ. ಎರಡು ತಾಸು ಹೀಗಾದರೆ ಬಾಯದಿರುವುದು ಹೇಗೆ?

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಕಿರುಬೆರಳನ್ನು ಕೊಕ್ಕೆಯಿಂದ ತೆಗೆದು ಅದರ ಮೇಲೆ ಸುಮ್ಮನೆ ಇಡಿ. ಸ್ಟಾಫಿನ, ಅಂದರೆ ನೊಟೇಶನ್ನಿನ ಐದು ಗೆರೆಗಳ, ಎರಡನೇ ಗೆರೆಯ ಜಿ ಸ್ವರ ಊದಿ, ಅಲ್ಲಿಂದ ಸಿ, ಇ, ಮೇಲಿನ ಜಿ ಹೀಗೆ ಏರಿ. ಎಲ್ಲಿ ಸ್ವರ ಕೈಕೊಟ್ಟಿತೋ ಅಲ್ಲಿಯವರೆಗೆ ಮಾತ್ರ ನೀವು ಊದುತ್ತಿದ್ದಿರಿ, ಅದರ ಮೇಲಿನದೆಲ್ಲ ಒತ್ತಿ ತೆಗೆದ ಸ್ವರ. ಆರು ವರ್ಷ ಬ್ಯಾಂಡಿನಲ್ಲಿದ್ದವರಿಗೆ ಈ ಗಡಿ ಸಾಮಾನ್ಯವಾಗಿ ತಾವು ಅಂದುಕೊಂಡದ್ದಕ್ಕಿಂತ ನಾಲ್ಕೈದು ಸ್ವರ ಕೆಳಗೇ ಸಿಗುತ್ತದೆ. ಬೇಸರ ಬೇಡ, ಇನ್ನು ಮುಂದೆ ಕಟ್ಟಬೇಕಾದ್ದು ಆ ಗಡಿಯಿಂದ. ತುಟಿಯ ಎರಡು ಮೂಲೆ ಬಿಗಿಯಾಗಿರಲಿ, ನಡುಭಾಗ ಸಡಿಲವಿರಲಿ. ನಗುವ ಹಾಗೆ ತುಟಿ ಎಳೆದರೆ ಅದು ತೆಳ್ಳಗಾಗಿ ಬೇಗ ಸೋಲುತ್ತದೆ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಕೆನ್ನೆ ಉಬ್ಬಿಸಿ ಊದುತ್ತಿದ್ದರಲ್ಲ ಎನ್ನಬೇಡಿ. ಅವರಿಂದ ಕಲಿಯಲು ಬೇರೆ ಬೇಕಾದಷ್ಟಿದೆ.

ಮೆರವಣಿಗೆಯಲ್ಲಿ ಮಾಡಬೇಕಾದ್ದು: ಎರಡು ಟ್ರಂಪೆಟ್ ಇದ್ದರೆ ಒಬ್ಬರು ಮುಖಡಾ (ಪಲ್ಲವಿ), ಒಬ್ಬರು ಅಂತರಾ (ಚರಣ) ಎಂದು ಹಂಚಿಕೊಳ್ಳಿ. ಇಬ್ಬರೂ ಎಲ್ಲವನ್ನೂ ಊದುವುದರಿಂದ ಜನರಿಗೆ ಎರಡು ಪಟ್ಟು ಕೇಳುವುದಿಲ್ಲ, ಇಬ್ಬರ ತುಟಿಯೂ ಹೋಗುತ್ತದೆ ಅಷ್ಟೆ. ಟ್ರಂಪೆಟ್ಟಿನ ಅಗಲ ಬಾಯಿ, ಬೆಲ್, ಮುಂದಿನವರ ಬೆನ್ನಿಗೆ ಹೊಡೆಯದೆ ತಲೆಯ ಮೇಲಿಂದ ಹೋಗುವಂತೆ ಹಿಡಿಯಿರಿ. ಕಿವಿಗೆ ಇಯರ್‌ಪ್ಲಗ್ ಹಾಕಿ. ಬಾಕ್ಸಿನ ಸದ್ದು ತಗ್ಗಿ ನಿಮ್ಮ ಸ್ವರ ತಲೆಬುರುಡೆಯ ಮೂಲಕ ಒಳಗಿನಿಂದ ಕೇಳುತ್ತದೆ, ಒತ್ತುವ ಚಟ ಅರ್ಧ ಅಲ್ಲಿಗೇ ನಿಲ್ಲುತ್ತದೆ. ಕಿವಿಯ ಲೆಕ್ಕವೂ ಇದೆ: 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಡೆಯಬಹುದಾದರೆ 100 ಡೆಸಿಬಲ್ಲಿಗೆ ಆ ಮಿತಿ 15 ನಿಮಿಷಕ್ಕೆ ಇಳಿಯುತ್ತದೆ. ಬರಾತಿನ ಬಾಕ್ಸಿನ ಮುಂದೆ 100 ಏನೂ ದೊಡ್ಡದಲ್ಲ.

ತುಟಿ ಬಾತ ರಾತ್ರಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ. ಮರುದಿನ ಕೆಳಗಿನ ಸ್ವರಗಳನ್ನು ಮೆಲ್ಲಗೆ ಹದಿನೈದು ನಿಮಿಷ ಊದಿ ಮುಚ್ಚಿಡಿ. ಸಾಕಷ್ಟು ವಿಶ್ರಾಂತಿಯ ನಂತರವೂ ತುಟಿಯ ನಡುವೆ ಗಾಳಿ ಸೋರುತ್ತಿದ್ದರೆ, ಒಂದೇ ಜಾಗ ಮರಗಟ್ಟಿದ್ದರೆ, ಮಧ್ಯದ ಜಿ ಕೂಡ ನಿಲ್ಲದಿದ್ದರೆ ಊದುವುದು ನಿಲ್ಲಿಸಿ ವೈದ್ಯರಿಗೆ ತೋರಿಸಿ. ತುಟಿಯ ಸುತ್ತಲಿನ ಸ್ನಾಯು ಹರಿದಿರಬಹುದು. ಜಾಝ್ ಟ್ರಂಪೆಟ್ಟಿನ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ ಬಂದ ತೊಂದರೆಯಿಂದಾಗಿ ಇದಕ್ಕೆ ವೈದ್ಯಶಾಸ್ತ್ರದಲ್ಲಿ ಅವರ ಅಡ್ಡಹೆಸರೇ ಅಂಟಿಕೊಂಡಿದೆ, ಸ್ಯಾಚ್‌ಮೊ ಸಿಂಡ್ರೋಮ್ ಅಂತ. ಜಾಝ್ ಟ್ರಂಪೆಟ್ಟಿನ ಫ್ರೆಡಿ ಹಬರ್ಡ್ ಅವರಂಥ ಗಟ್ಟಿಗರು 1992ರಲ್ಲಿ ತುಟಿ ಒಡೆದುಕೊಂಡ ಮೇಲೆ ಮೊದಲಿನ ಹಾಗೆ ಊದಲೇ ಇಲ್ಲ. ಇನ್ನೊಂದು ಕಡೆ ಟ್ರಂಪೆಟ್ ವಾದಕ ಡಾಕ್ ಚೀತಮ್ 1905ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 91ನೇ ವಯಸ್ಸಿನಲ್ಲೂ, ಕಾರ್ಯಕ್ರಮ ಕೊಡುತ್ತಿದ್ದರು.

ಈಗ ಅಭ್ಯಾಸ. ದಿನಕ್ಕೆ ಒಂದೂವರೆ ತಾಸು ಸಾಕು, ಆದರೆ ಎರಡು ಮೂರು ತುಂಡು ಮಾಡಿ. ಊದಿದಷ್ಟೇ ಹೊತ್ತು ವಾದ್ಯ ಕೆಳಗಿಡಿ. ಬೆಳಿಗ್ಗೆ ಮೌತ್‌ಪೀಸ್ ಇಲ್ಲದೆ ತುಟಿಯನ್ನಷ್ಟೇ ಒಂದು ನಿಮಿಷ ಕಂಪಿಸಿ, ಮೌತ್‌ಪೀಸಿನಲ್ಲಿ ಎರಡು ನಿಮಿಷ. ಆಮೇಲೆ ತಾಳ ಎಣಿಸುವ ಮೆಟ್ರೋನೋಮ್ 60ಕ್ಕಿಟ್ಟು ಉದ್ದ ಸ್ವರ: ಜಿಯಿಂದ ಶುರುಮಾಡಿ ಒಂದೊಂದೇ ಅರ್ಧಸ್ವರ ಇಳಿಯುತ್ತ, ಒಂದೊಂದಕ್ಕೆ ಎಂಟು ಮಾತ್ರೆ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದಷ್ಟು ಮೆಲ್ಲಗೆ. ಬ್ಯಾಂಡಿನವರಿಗೆ ಅತಿ ಕಷ್ಟವಾದದ್ದು ಇದೇ. ಗಟ್ಟಿಯಾಗಿ ಊದುವಾಗ ಮುಚ್ಚಿಹೋಗುವ ದೋಷವೆಲ್ಲ ಮೆಲ್ಲಗೆ ಊದಿದಾಗ ಬಯಲಾಗುತ್ತದೆ. ನಂತರ ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ) ಬದಲಿಸದೆ ತುಟಿಯಿಂದಲೇ ಸಿ–ಜಿ–ಸಿ ಜಾರುವುದು, ಅದನ್ನೇ ಏಳು ವಾಲ್ವ್ ಜೋಡಣೆಯಲ್ಲೂ. ಬೆರಳಿಗೆ ಮತ್ತು ನಾಲಿಗೆಗೆ 1864ರ ಆರ್ಬನ್ ಪಾಠಪುಸ್ತಕ ಇವತ್ತಿಗೂ ಸಾಲುತ್ತದೆ. ಹಳೆಯದಾದ್ದರಿಂದ ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಇಷ್ಟೆಲ್ಲ ಟ್ರಂಪೆಟ್ಟಿನ ಮಾತಾಯಿತು, ಜಾಝಿನದಲ್ಲ. ಬ್ಯಾಂಡಿನವರು ಜಾಝ್ ಊದಿದಾಗ ಮೊದಲು ಸಿಕ್ಕಿಬೀಳುವುದು ನಾಲಿಗೆಯಲ್ಲಿ. ಬ್ಯಾಂಡಿನಲ್ಲಿ ಪ್ರತಿ ಸ್ವರಕ್ಕೂ ‘ತ-ತ-ತ’ ಎಂದು ಹೊಡೆಯುವ ಅಭ್ಯಾಸ. ಜಾಝಿನಲ್ಲಿ ಮಾತ್ರೆಯ ನಡುವೆ ಬರುವ ಸ್ವರಕ್ಕೆ ಮೃದುವಾಗಿ ‘ದ’ ಎಂದು ನಾಲಿಗೆ ಮುಟ್ಟಿಸಿ, ಅಲ್ಲಿಂದ ಮಾತ್ರೆಯ ಮೇಲಿನ ಸ್ವರಕ್ಕೆ ನಾಲಿಗೆಯಿಲ್ಲದೆ ಜಾರುತ್ತಾರೆ. ನಿಧಾನ ಲಯದಲ್ಲಿ ಎರಡು ಸ್ವರಗಳ ಉದ್ದ ಸುಮಾರು 2:1, ಲಯ ಏರಿದ ಹಾಗೆ ಎರಡೂ ಸಮವಾಗುತ್ತ ಹೋಗುತ್ತವೆ. ಮೆಟ್ರೋನೋಮ್ ಒಂದು-ಮೂರಕ್ಕೆ ಹೊಡೆಯದೆ ಎರಡು-ನಾಲ್ಕಕ್ಕೆ ಹೊಡೆಯುವಂತೆ ಎಣಿಸಿಕೊಳ್ಳಿ. ಒಂದು ವಾರ ಕಾಲು ಎಡವುತ್ತದೆ, ಆಮೇಲೆ ಸರಿಹೋಗುತ್ತದೆ.

ಮೊದಲ ಪಾಠ ಬ್ಲೂಸ್ ಎಂಬ ಹನ್ನೆರಡು ಬಾರಿನ ಹಾಡಿನ ಚೌಕಟ್ಟು. ಬಾರ್ ಅಂದರೆ ನಾಲ್ಕು ಮಾತ್ರೆ. ನಿಮ್ಮ ಟ್ರಂಪೆಟ್ಟಿನ ಸಿ ಶ್ರುತಿಯಲ್ಲಿ ಅದರ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳು, ಈ ಕ್ರಮದಲ್ಲಿ: ನಾಲ್ಕು ಬಾರ್ ಸಿ7, ಎರಡು ಎಫ್7, ಎರಡು ಸಿ7, ಒಂದು ಜಿ7, ಒಂದು ಎಫ್7, ಕೊನೆಗೆ ಎರಡು ಸಿ7. ಇದರ ಮೇಲೆ ಸ್ಕೇಲ್ ಓಡಿಸಲು ಹೋಗಬೇಡಿ. ಪ್ರತಿ ಕಾರ್ಡಿನ ಎರಡೇ ಸ್ವರ ಹಿಡಿಯಿರಿ, ಅದರ ಮೂಲಸ್ವರದಿಂದ ಎಣಿಸಿದರೆ ಮೂರನೆಯದು ಮತ್ತು ಏಳನೆಯದು. ಸಿ7ಕ್ಕೆ ಅವು ಇ ಮತ್ತು ಬಿ ಫ್ಲ್ಯಾಟ್, ಎಫ್7ಕ್ಕೆ ಎ ಮತ್ತು ಇ ಫ್ಲ್ಯಾಟ್, ಜಿ7ಕ್ಕೆ ಬಿ ಮತ್ತು ಎಫ್. ನಾಲ್ಕನೇ ಬಾರಿನಿಂದ ಐದಕ್ಕೆ ದಾಟುವಾಗ ಏನಾಗುತ್ತದೆ ಗಮನಿಸಿ: ಇ ಅರ್ಧಸ್ವರ ಇಳಿದು ಇ ಫ್ಲ್ಯಾಟ್ ಆಗುತ್ತದೆ, ಬಿ ಫ್ಲ್ಯಾಟ್ ಅರ್ಧಸ್ವರ ಇಳಿದು ಎ ಆಗುತ್ತದೆ. ಪಿಯಾನೋ, ಗಿಟಾರ್ ಏನೂ ಇಲ್ಲದೆ ನೀವೊಬ್ಬರೇ ಈ ಇಳಿತ ಊದಿದರೂ ಕೇಳುವವರಿಗೆ ಕಾರ್ಡ್ ಬದಲಾದದ್ದು ಗೊತ್ತಾಗಬೇಕು. ಒಂದು ತಿಂಗಳು ಇದೇ ಎರಡೆರಡು ಸ್ವರದಲ್ಲಿ ಹನ್ನೆರಡು ಬಾರ್ ದಾಟಿ. ಇವುಗಳ ನಡುವೆ ಹಾದುಹೋಗುವ ಪಾಸಿಂಗ್ ಸ್ವರ ಆಮೇಲೆ.

ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಸಂಗೀತದ ಕಿವಿ ಇಲ್ಲದವರು ಕಡಿಮೆ, ಅದನ್ನು ಉಪಯೋಗಿಸಿಕೊಳ್ಳಿ. ಜಾಝಿನವರು ಡೋರಿಯನ್ ಎನ್ನುವ ಸ್ವರಸಾಲು ಸ್ವರಗಳ ಮಟ್ಟಿಗೆ ನಮ್ಮ ಕಾಫಿ ಥಾಟ್. ಮಿಕ್ಸೊಲಿಡಿಯನ್ ಎಂದರೆ ಖಮಾಜ್, ಲಿಡಿಯನ್ ಎಂದರೆ ಕಲ್ಯಾಣ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ರೆಕಾರ್ಡ್ ಮಾಡಿದ ‘ಸೋ ವಾಟ್’ 32 ಬಾರಿನದು: 16 ಬಾರ್ ಡಿ ಡೋರಿಯನ್, 8 ಬಾರ್ ಇ ಫ್ಲ್ಯಾಟ್ ಡೋರಿಯನ್, ಮತ್ತೆ 8 ಬಾರ್ ಡಿ. ಟ್ರಂಪೆಟ್ಟಿನ ಸ್ವರ ಪಿಯಾನೋದ್ದಕ್ಕಿಂತ ಒಂದು ಪೂರ್ಣಸ್ವರ ಕೆಳಗೆ ಕೇಳುವುದರಿಂದ ನಿಮ್ಮ ಟ್ರಂಪೆಟ್ಟಿನಲ್ಲಿ ಇ ಸ್ವರವನ್ನು ಸಾ ಮಾಡಿಕೊಂಡು ಕಾಫಿ, 17ನೇ ಬಾರ್ ಬಂದೊಡನೆ ಸಾ ಎಫ್‌ಗೆ ಏರುತ್ತದೆ, 25ಕ್ಕೆ ಇಳಿಯುತ್ತದೆ. ರಾಗ ಬಲ್ಲವರು ಎಡವುವುದು ಇಲ್ಲೇ. ತಂಬೂರಿಯ ಸಾ ಕದಲುವುದಿಲ್ಲ ಎಂಬ ನಂಬಿಕೆ ಮೈಯಲ್ಲಿ ಇಳಿದಿರುತ್ತದೆ, ಹಾಗಾಗಿ 17ನೇ ಬಾರ್ ಬಂದರೂ ಹಳೆಯ ಸಾದಲ್ಲೇ ಉಳಿದುಬಿಡುತ್ತಾರೆ. ಬೆರಳಲ್ಲಿ ಬಾರ್ ಎಣಿಸಿ, ಬಾಯಲ್ಲಿ ಹಾಡಿ, ಆಮೇಲೆ ಊದಿ. ರೆಕಾರ್ಡಿನಲ್ಲಿ ಒಬ್ಬರೇ ಊದಿದ ಒಂದು ಸೋಲೊವನ್ನು ಶೇ. 60ರ ವೇಗಕ್ಕೆ ಇಳಿಸಿ ಎಂಟೆಂಟು ಬಾರ್ ಬಾಯಿಪಾಠ ಮಾಡಿ. ಹಾಡಲು ಬಾರದ್ದನ್ನು ಊದಲು ಹೋಗಬೇಡಿ.

ಇನ್ನೊಂದು ಆಸ್ತಿ ನಿಮ್ಮ ಬಳಿ ಈಗಾಗಲೇ ಇದೆ, ಕೊಂಕಣಿ ಹಾಡುಗಳು. ಗೋವಾದ ಸಂಗೀತ ಸಂಯೋಜಕ ಕ್ರಿಸ್ ಪೆರಿ ಸ್ವತಃ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ವಾದಕರು. ಗಾಯಕಿ ಲೋರ್ನಾ ಹಾಡಿದ ಅವರ ಹಾಡುಗಳಲ್ಲಿ ಸ್ವಿಂಗ್ ಲಯವೂ ಜಾಝಿನ ಕಾರ್ಡುಗಳೂ ಇವೆ. ಮದುವೆಯಲ್ಲಿ ಅವನ್ನು ಊದುವಾಗ ಧಾಟಿ ಮಾತ್ರ ಊದಿ ಬಿಡುತ್ತೀರಿ. ಗಿಟಾರಿನವರಿಂದ ಅದೇ ಹಾಡಿನ ಕಾರ್ಡುಗಳನ್ನು ಬರೆಸಿಕೊಂಡು ಅದರ ಮೇಲೆ ನಿಮ್ಮದೇ ಒಂದು ಸುತ್ತು ಕಟ್ಟಿ. ಇದರಲ್ಲಿ ನುರಿತರೆ ಬ್ಯಾಂಡೇ ನಿಮ್ಮ ಪ್ರಯೋಗಶಾಲೆ.

ವಾದ್ಯದ ವಿಚಾರ. ಮೀರತ್ತಿನ ವಾದ್ಯ ತಯಾರಿಕೆಯ ಬೀದಿ ಜಲಿ ಕೋಠಿಯ ಟ್ರಂಪೆಟ್ಟೆಲ್ಲ ಕೆಟ್ಟದ್ದೆಂದಲ್ಲ, ಆದರೆ ಒಂದು ಪೀಸಿನ ಹಾಗೆ ಇನ್ನೊಂದು ಇರುವುದಿಲ್ಲ. ಪರೀಕ್ಷಿಸಿ ನೋಡಿ: ಮೂರನೇ ವಾಲ್ವ್ ಒತ್ತದೆ ಅದರ ಸ್ಲೈಡನ್ನು (ಎಳೆದು ತಳ್ಳುವ ಕೊಳವೆ) ಒಂದು ಇಂಚು ಎಳೆದು ಐದು ಸೆಕೆಂಡು ತಡೆದು ವಾಲ್ವ್ ಒತ್ತಿ. ‘ಟಪ್’ ಎಂದರೆ ಒಳಗೆ ಗಾಳಿ ಬಿಗಿಯಾಗಿದೆ, ಸದ್ದೇ ಇಲ್ಲದಿದ್ದರೆ ಪಿಸ್ಟನ್ ಸವೆದು ಸೋರುತ್ತಿದೆ. ಸೋರುವ ವಾದ್ಯದಲ್ಲಿ ಮೆಲ್ಲಗಿನ ಸ್ವರ ಹುಟ್ಟುವುದೇ ಇಲ್ಲ, ನೀವು ತುಟಿಯನ್ನು ಬೈಯುತ್ತ ಕೂರುತ್ತೀರಿ. ಬದಲಿಸುವುದಾದರೆ ಯಮಹಾದ ವಿದ್ಯಾರ್ಥಿ ಮಾದರಿ ಸೆಕೆಂಡ್‌ಹ್ಯಾಂಡ್ ಸಿಕ್ಕರೂ ಸಾಕು, ದುಬಾರಿ ಪ್ರೊಫೆಷನಲ್ ಮಾದರಿ ಈಗ ಬೇಡ. ಕೊಳ್ಳುವ ಮುನ್ನ ಮೌತ್‌ಪೀಸ್ ಕೂರುವ ಲೀಡ್‌ಪೈಪನ್ನು ಬೆಳಕಿಗೆ ಹಿಡಿದು ನೋಡಿ. ಹೊರಗೆ ಗುಲಾಬಿ ಬಣ್ಣದ ಚುಕ್ಕೆ, ನಡುವೆ ಕಪ್ಪು ಬೊಟ್ಟು ಕಂಡರೆ ಒಳಗಿನಿಂದ ಹಿತ್ತಾಳೆಯ ಸತು ಕರಗಿಹೋಗಿ ತಾಮ್ರ ಉಳಿದಿದೆ ಎಂದರ್ಥ. ಪಾಲಿಶ್ ಹೊಡೆದರೆ ಅದು ಹೋಗುವುದಿಲ್ಲ, ಪೈಪೇ ಬದಲಾಗಬೇಕು. ಮೌತ್‌ಪೀಸಿನ ಅಳತೆ 7ಸಿಯಿಂದ 5ಸಿಯ ಆಸುಪಾಸಿನಲ್ಲಿರಲಿ. ಮೇಲಿನ ಸ್ವರ ಸುಲಭವೆಂದು ತೀರಾ ಆಳವಿಲ್ಲದ ಬಟ್ಟಲಿನ ಮೌತ್‌ಪೀಸಿಗೆ ಹೋದರೆ ದನಿ ಪೀಪಿಯ ಹಾಗಾಗುತ್ತದೆ.

ಕರಾವಳಿಯಲ್ಲಿ ಹಿತ್ತಾಳೆ ಬೇಗ ಕೆಡುತ್ತದೆ, ಅದಕ್ಕಿಂತ ಬೇಗ ಕೆಡಿಸುವವರು ನಾವೇ. ದೇವರ ದೀಪ ತೊಳೆದ ಹಾಗೆ ಹುಣಸೆಹಣ್ಣು ಹಾಕಿ ಟ್ರಂಪೆಟ್ ಉಜ್ಜಬೇಡಿ, ಹೊಳಪಿನ ಲೇಪ, ಲ್ಯಾಕರ್, ಬಿಟ್ಟ ಕಡೆಯಲ್ಲೆಲ್ಲ ಆ ಹುಳಿ ಲೋಹವನ್ನು ತಿನ್ನುತ್ತದೆ. ವಾಲ್ವಿಗೆ ತೆಂಗಿನೆಣ್ಣೆ ಬಿಡಬೇಡಿ. ಕಾರವಾರದ ಸೆಕೆಯಲ್ಲಿ ಹೇಗೋ ನಡೆಯುತ್ತದೆ, ಶಿರಸಿಯ ಡಿಸೆಂಬರ್ ಮುಂಜಾವಿನ ಮದುವೆಗೆ ಹೋದಾಗ ಗಟ್ಟಿಯಾಗಿ ವಾಲ್ವ್ ಮೇಲೇ ಬರುವುದಿಲ್ಲ. ವಾಲ್ವ್ ಆಯಿಲ್ ಎರಡು ಮೂರು ಹನಿ, ಊದುವ ದಿನವೆಲ್ಲ. ಪಿಸ್ಟನ್ ಹೊರತೆಗೆದರೆ ಅದರ ಮೇಲಿನ ಅಂಕಿ ನೋಡಿ ಅದೇ ಕೊಳವೆಗೆ ಹಾಕಿ, ಅದಲುಬದಲಾದರೆ ಗಾಳಿಯೇ ಹೋಗದು. ಕವಳ ಹಾಕಿ, ಕೋಕಂ ಪಾನಕ ಕುಡಿದು ಹಾಗೇ ಊದಿದರೆ ಸುಣ್ಣ, ಅಡಿಕೆಚೂರು, ಸಕ್ಕರೆ ಎಲ್ಲ ಲೀಡ್‌ಪೈಪಿನಲ್ಲಿ ಕೂರುತ್ತವೆ. ಬಾಯಿ ಮುಕ್ಕಳಿಸಿ ಊದಿ. ತಿಂಗಳಿಗೊಮ್ಮೆ ಎಲ್ಲ ಬಿಚ್ಚಿ ಉಗುರುಬೆಚ್ಚಗಿನ ಸೋಪುನೀರಲ್ಲಿ ಹಾವಿನಂಥ ಬ್ರಷ್ಷಿನಿಂದ ತೊಳೆಯಿರಿ. ನೀರು ಕುದಿಯುವಷ್ಟು ಬಿಸಿಯಿದ್ದರೆ ಲ್ಯಾಕರ್ ಏಳುತ್ತದೆ. ವಾಲ್ವಿನ ಸುತ್ತ ಚರ್ಮದ ಕವಚವಿದ್ದರೆ ವಾರಕ್ಕೊಮ್ಮೆ ಬಿಚ್ಚಿ ಒರೆಸಿ, ಅದರೊಳಗೆ ಬೆವರು ನಿಂತೇ ಹೆಚ್ಚಿನ ಟ್ರಂಪೆಟ್ ಕಿಲುಬು ಹಿಡಿಯುವುದು. ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಬೇಡಿ. ಅದಕ್ಕೆಂದೇ ಪುಲ್ಲರ್ ಇದೆ, ತಂಡಕ್ಕೊಂದು ಇಟ್ಟುಕೊಳ್ಳಿ.

ಶ್ರುತಿಯ ಬಗ್ಗೆ ಒಂದು ಮಾತು, ಏಕೆಂದರೆ ಬಯಲಿನ ಬ್ಯಾಂಡಿನಿಂದ ಎಸಿ ಹಾಲಿಗೆ ಹೋದವರು ಮೊದಲ ದಿನವೇ ಇಲ್ಲಿ ಮುಜುಗರಪಡುತ್ತಾರೆ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ, ನೂರು ಸೆಂಟ್ ಎಂದರೆ ಒಂದು ಅರ್ಧಸ್ವರ. ಉಸಿರಿನ ಬಿಸಿ ಈ ವ್ಯತ್ಯಾಸವನ್ನು ಸ್ವಲ್ಪ ತಗ್ಗಿಸಿದರೂ 34 ಡಿಗ್ರಿಯ ಬೀದಿಯಿಂದ 22 ಡಿಗ್ರಿಯ ಹಾಲಿಗೆ ಬಂದರೆ ಕಿವಿಗೆ ಹೊಡೆಯುವಷ್ಟು ಇಳಿದಿರುತ್ತದೆ. ಟ್ಯೂನಿಂಗ್ ಸ್ಲೈಡ್ ಒಂದು ಸೆಂ.ಮೀ. ಎಳೆದರೆ ಇಪ್ಪತ್ತು ಚಿಲ್ಲರೆ ಸೆಂಟ್ ಇಳಿಯುತ್ತದೆ, ತಳ್ಳಿದರೆ ಅಷ್ಟೇ ಏರುತ್ತದೆ. ವಾದ್ಯ ಬೆಚ್ಚಗಾದ ಮೇಲೆ ಮತ್ತೊಮ್ಮೆ ನೋಡಿ. ಒಂದು-ಮೂರು ವಾಲ್ವಿನ ಕೆಳಗಿನ ಡಿ, ಮೂರೂ ವಾಲ್ವಿನ ಸಿ ಶಾರ್ಪ್ ಯಾವ ಕಂಪನಿಯ ಟ್ರಂಪೆಟ್ಟಿನಲ್ಲೂ ಏರಿಯೇ ಇರುತ್ತವೆ. ಅದಕ್ಕೇ ಮೂರನೇ ಸ್ಲೈಡಿಗೆ ಉಂಗುರ ಇರುವುದು. ಡಿಗೆ ಸುಮಾರು ಒಂದು ಸೆಂ.ಮೀ., ಸಿ ಶಾರ್ಪಿಗೆ ಎರಡರ ಹತ್ತಿರ ದೂಡಿ. ಬ್ಯಾಂಡಿನಲ್ಲಿ ಆ ಸ್ಲೈಡ್ ಅಂಟಿ ವರ್ಷಗಳಾಗಿದ್ದರೆ ಇವತ್ತೇ ಬಿಡಿಸಿ.

ಇನ್ನು ಹೊಟ್ಟೆಪಾಡು. ಬರಿ ಜಾಝ್ ಊದಿ ಬದುಕಿದ ಟ್ರಂಪೆಟ್ ವಾದಕರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು, ಅದರಲ್ಲಿ ಅವಮಾನ ಪಡುವಂಥದ್ದೇನಿಲ್ಲ. ಗೋವಾದ ಅಲ್ದೋನಾದಲ್ಲಿ ಹುಟ್ಟಿದ ಆಂಟೋನಿಯೊ ಕ್ಸೇವಿಯರ್ ವಾಜ್, ಎಲ್ಲರಿಗೂ ಗೊತ್ತಿರುವ ಹೆಸರಲ್ಲಿ ಚಿಕ್ ಚಾಕೊಲೇಟ್, ಮುಂಬಯಿಯ ತಾಜ್ ಹೋಟೆಲಿನಲ್ಲಿ ಜಾಝ್ ತಂಡ ನಡೆಸಿದವರು. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎನ್ನಿಸಿಕೊಂಡವರು. ಅವರೂ ಹಿಂದಿ ಚಿತ್ರಗಳಿಗೆ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆ ದುಡಿದರು, 1951ರ ‘ಅಲ್ಬೇಲಾ’ದಲ್ಲಿ ತಂಡದ ಸಮೇತ ತೆರೆಯ ಮೇಲೂ ಬಂದರು. ಗೋವಾದ ಕುಡಚಡೆಯ ಫ್ರಾಂಕ್ ಫರ್ನಾಂಡ್ ಟ್ರಂಪೆಟ್ ಹಿಡಿದೇ ಚಿತ್ರರಂಗಕ್ಕೆ ಹೋಗಿ ಕೊಂಕಣಿ ಚಿತ್ರಗಳನ್ನೂ ಮಾಡಿದರು. ಆಗ ಕಾರವಾರವೂ ಅದೇ ಮುಂಬಯಿ ರಾಜ್ಯದಲ್ಲಿತ್ತು, 1956ರವರೆಗೆ. ನಿಮ್ಮ ಬದುಕೂ ಹೀಗೆ ಮೂರು ನಾಲ್ಕು ಕಡೆಯ ಸಂಪಾದನೆಯ ಕೂಡುಲೆಕ್ಕವೇ.

ಸದಾಶಿವಗಡದವರಿಗೆ ಜಾಝಿನ ಊರು ಬೆಂಗಳೂರಲ್ಲ, ಗೋವಾ. ಅಸ್ನೋಟಿ ಅಥವಾ ಕಾರವಾರದಲ್ಲಿ ರೈಲು ಹತ್ತಿದರೆ ಮಡಗಾಂವ್ ತಾಸೊಂದರ ದಾರಿ, ಕಾಣಕೋಣವಂತೂ ಪಕ್ಕದಲ್ಲೇ. ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗವಿದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳಲ್ಲಿ ಟ್ರಂಪೆಟ್ಟೂ ಇದೆ. ಪ್ರಮಾಣಪತ್ರ ತೋರಿಸಿದರೆ ಜಾಝಿನಲ್ಲಿ ಯಾರೂ ಕೆಲಸ ಕೊಡುವುದಿಲ್ಲ, ಆದರೆ ಐದನೇ ಗ್ರೇಡ್ ತನಕ ಓದುವ ಹೊತ್ತಿಗೆ ನೊಟೇಶನ್ ಕೈಗೆ ಬಂದಿರುತ್ತದೆ. ಫೋನ್ ಬರುವುದು ಅದರಿಂದಲೇ. ಯಾರಿಗೋ ಜ್ವರ ಬಂದು ಸಂಜೆ ಏಳಕ್ಕೆ ಬದಲಿ ಬೇಕಾದಾಗ ಅವರು ಕೇಳುವುದು ‘ಚೆನ್ನಾಗಿ ಊದುತ್ತಾನಾ’ ಅಂತಲ್ಲ, ‘ಓದುತ್ತಾನಾ’ ಅಂತ. ದಿನಕ್ಕೆ ಹತ್ತು ನಿಮಿಷ, ಹಿಂದೆ ನೋಡಿರದ ಒಂದು ಪುಟ, ಎಡವಿದರೂ ನಿಲ್ಲದೆ ಕೊನೆಯವರೆಗೆ ಓದಿ.

ಸ್ಥಿರ ಸಂಬಳ ಬೇಕೆಂದರೆ ನೌಕಾಪಡೆಯ ಬ್ಯಾಂಡ್ ಇದೆ. ಕದಂಬ ನೆಲೆ ನಿಮ್ಮ ಊರ ಪಕ್ಕದಲ್ಲೇ ಇದ್ದರೂ ಸಂಗೀತಗಾರರ ತರಬೇತಿ ನಡೆಯುವುದು ಮುಂಬಯಿಯ ಐಎನ್‌ಎಸ್ ಕುಂಜಾಲಿಯಲ್ಲಿ. ಈಗ ಅಗ್ನಿವೀರ್ ಮೂಲಕ ಸೇರ್ಪಡೆ, ವಯೋಮಿತಿ ಬಿಗಿಯಾಗಿರುವುದರಿಂದ ನಿಮಗೆ ದಾಟಿರಬಹುದು. ತಂಡದಲ್ಲಿ ಹದಿನೆಂಟರ ಹುಡುಗರಿದ್ದರೆ ಅವರಿಗೆ ಹೇಳಿ. ರಾಜ್ಯ ಪೊಲೀಸ್ ಬ್ಯಾಂಡಿನ ನೇಮಕಾತಿ ಪ್ರಕಟಣೆಗಳ ಮೇಲೂ ಕಣ್ಣಿರಲಿ. ಕ್ರೂಸ್ ಹಡಗಿನ ಕೆಲಸ ಒಳ್ಳೆಯದೇ, ಆದರೆ ಅಲ್ಲಿ ವಿಡಿಯೊ ಆಡಿಶನ್, ಕೊಟ್ಟ ಹಾಳೆಯನ್ನು ಅಲ್ಲೇ ಓದಿ ಊದಬೇಕು. ಮೊದಲೇ ‘ಡಿಪಾಸಿಟ್’ ಕೇಳುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ವರ್ಷವನ್ನು ಹೀಗೆ ಹಂಚಿಕೊಳ್ಳಬಹುದು. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಗಣಪತಿ ಹಬ್ಬ ಬಿಟ್ಟರೆ ಬ್ಯಾಂಡಿಗೆ ಕರೆಯಿಲ್ಲ. ತುಟಿ ಕಟ್ಟುವುದು, ಹಾಡು ಬಾಯಿಪಾಠ ಎಲ್ಲ ಆಗ. ಅಕ್ಟೋಬರಿನಿಂದ ಮಾರ್ಚ್ ಗೋವಾದ ಸೀಸನ್. ತುಳಸಿ ಮದುವೆ ಮುಗಿದ ಮೇಲೆ ಇಲ್ಲಿನ ಲಗ್ನಗಳೂ ಶುರುವಾಗಿ ಎರಡೂ ಒಂದರ ಮೇಲೊಂದು ಬೀಳುತ್ತವೆ. ಬರಾತಿನ ಮರುದಿನ ಜಾಝ್ ಒಪ್ಪಿಕೊಳ್ಳಬೇಡಿ. ಈಸ್ಟರಿಗೆ ಮುಂಚಿನ ನಲವತ್ತು ದಿನ ಕ್ರೈಸ್ತರ ಮದುವೆ ಇರುವುದಿಲ್ಲ, ಆ ಬಿಡುವಿನಲ್ಲಿ ವಾದಕರು ಸೇರಿ ಪೂರ್ವತಯಾರಿಯಿಲ್ಲದೆ ನುಡಿಸುವ ಗೋವಾದ ಜಾಮ್‌ಗಳಿಗೆ ಹೋಗಿ.

ಮೊದಲ ಜಾಮ್‌ಗೆ ಹೋಗುವ ಮುನ್ನ ಹನ್ನೆರಡು ಹಾಡು ಕಾಗದವಿಲ್ಲದೆ ಬರಬೇಕು: ಎರಡು ಮೂರು ಬ್ಲೂಸ್, ಒಂದು ನಿಧಾನದ್ದು, ಉಳಿದವು ಮಧ್ಯಮ ಲಯದವು. ದನಿ ತಗ್ಗಿಸಿ ಬದಲಿಸಲು ಬೆಲ್ಲಿನ ಬಾಯಿಗೆ ಸಿಕ್ಕಿಸುವ ಹಾರ್ಮನ್ ಮ್ಯೂಟ್ ಒಂದಿರಲಿ. ಪ್ಲಂಜರ್ ಮ್ಯೂಟಿಗೆ ದುಡ್ಡು ಹಾಕಬೇಡಿ, ಸಿಂಕ್ ಕಟ್ಟಿದಾಗ ಒತ್ತುವ ರಬ್ಬರ್ ಕಪ್ಪನ್ನೇ ಹೊಸದು ತಂದು ಕೋಲು ತೆಗೆದರೆ ಆಯಿತು, ಜಾಝಿನವರೂ ಅದನ್ನೇ ಮಾಡಿದ್ದು. ಬಾಗಿಲ ಹತ್ತಿರ ಕೂತು ಎರಡು ಹಾಡು ಕೇಳಿ, ಕರೆದಾಗ ಏಳಿ. ಎರಡು ಸುತ್ತು ಊದಿ ಇಳಿಯಿರಿ, ಐದು ಬೇಡ. ಇನ್ನೊಬ್ಬರು ಸೋಲೊ ಊದುವಾಗ ಹಿಂದಿನಿಂದ ತುಂಬಲು ಹೋಗಬೇಡಿ. ಪಿಯಾನೋದವರು ‘ಯಾವ ಕೀ’ ಎಂದು ಕೇಳಿದಾಗ ನಿಮ್ಮ ಬೆರಳಿನ ಕೀ, ಅಂದರೆ ಶ್ರುತಿ, ಹೇಳಬೇಡಿ. ನೀವು ಊದುವ ಸಿ ಅವರಿಗೆ ಬಿ ಫ್ಲ್ಯಾಟ್, ನಿಮ್ಮ ಜಿ ಅವರಿಗೆ ಎಫ್. ಇಷ್ಟನ್ನು ತಪ್ಪಿ ಹೇಳಿದರೆ ಮೊದಲ ಬಾರಿನಲ್ಲೇ ಇಡೀ ತಂಡ ನಿಮ್ಮತ್ತ ತಿರುಗಿ ನೋಡುತ್ತದೆ.